ಅಣ್ಣನ ಹೆಸರು ಹೊತ್ತ ಮಾವುತನ ಹುಡುಗ

ಭೀಮಾ ದಂಡೆಯಲ್ಲಿ ಎಮ್ಮೆಯ ಬೆನ್ನೇರಿ ಕೂತ ಹುಡುಗನನ್ನು ಜೇವರ್ಗಿ ಕಡೆ ಯಾರೂ ಹೀರೋ ಅನ್ನುವುದಿಲ್ಲ. ದನ ಕಾಯುವವ ಅನ್ನುತ್ತಾರೆ; ಸಂಜೆ ಎಣಿಸುವಾಗ ಒಂದು ಕರು ಕಡಿಮೆ ಬಿದ್ದರೆ ಬೈಯುತ್ತಾರೆ. ಅಮೆರಿಕದವರು ಅದೇ ಕಸುಬಿನವನ ತಲೆಗೆ ಅಗಲ ಟೋಪಿ ಇಟ್ಟರು, ಸೊಂಟಕ್ಕೆ ಪಿಸ್ತೂಲು ಕಟ್ಟಿದರು, ಕೌಬಾಯ್ ಎಂದು ಕರೆದು ಅರ್ಧ ಶತಮಾನ ಬೆಳ್ಳಿತೆರೆಯ ಮೇಲೆ ಮೆರೆಸಿದರು.

ಆ ಸಾಲಿನಲ್ಲಿ ಮೊದಲು ಹೆಸರು ಮಾಡಿದವನು ಬ್ರಾಂಕೋ ಬಿಲ್ಲಿ ಆಂಡರ್ಸನ್. ನಿಜ ಹೆಸರು ಮ್ಯಾಕ್ಸ್ ಆರನ್ಸನ್. 1903ರ ‘ದಿ ಗ್ರೇಟ್ ಟ್ರೇನ್ ರಾಬರಿ’ ಚಿತ್ರಕ್ಕೆ ಸೇರುವಾಗ ಕುದುರೆ ಸವಾರಿ ಬರುತ್ತದೆಂದು ಹೇಳಿ, ಚಿತ್ರೀಕರಣದ ದಿನ ಕುದುರೆಯಿಂದ ಬಿದ್ದನಂತೆ. ಅವನೇ ಮುಂದೆ ನೂರಕ್ಕೂ ಮಿಕ್ಕಿ ಕೌಬಾಯ್ ಕಿರುಚಿತ್ರಗಳ ನಾಯಕನಾದ. ಅವನ ಹಿಂದೆ ಬಂದ ಟಾಮ್ ಮಿಕ್ಸ್‌ಗೆ ಸವಾರಿ ನಿಜವಾಗಿಯೂ ಬರುತ್ತಿತ್ತು. ಅವನಷ್ಟೇ ಅವನ ಕುದುರೆ ಟೋನಿಯೂ ಪ್ರಸಿದ್ಧ. 1927ರಲ್ಲಿ ಹಾಲಿವುಡ್‌ನ ಚೈನೀಸ್ ಥಿಯೇಟರಿನ ಅಂಗಳದಲ್ಲಿ ಹಸಿ ಸಿಮೆಂಟಿನ ಮೇಲೆ ಟಾಮ್ ಮಿಕ್ಸ್ ಜೊತೆ ಟೋನಿಯ ಗೊರಸಿನ ಗುರುತನ್ನೂ ಮೂಡಿಸಿಕೊಂಡರು. ಒಂದು ಪ್ರಾಣಿ, ಅದರ ಮೇಲೊಬ್ಬ ಮನುಷ್ಯ. ಈ ಜೋಡಿಯಲ್ಲಿ ದುಡ್ಡಿದೆ ಎಂದು ಸಿನಿಮಾದವರಿಗೆ ಆ ಹೊತ್ತಿಗೆ ಗೊತ್ತಾಗಿಹೋಗಿತ್ತು.

1935ರಲ್ಲಿ ಅಂಥದೇ ಜೋಡಿ ಹುಡುಕಿಕೊಂಡು ಕ್ಯಾಮೆರಾ ಮೈಸೂರಿಗೆ ಬಂತು. ಈ ಸಲ ಬೇಕಾಗಿದ್ದದ್ದು ಕುದುರೆ ಅಲ್ಲ, ಆನೆ. ಆನೆಯ ಮೇಲೆ ಕೂರಲು ಸಿಕ್ಕವನಿಗೆ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಅವನು ಮಾವುತನ ಮಗ. ಹೆಸರು ಸಾಬು. ಪಾಶ್ಚಾತ್ಯ ಚಿತ್ರಲೋಕದಲ್ಲಿ ತಾರೆಯಾದ ಮೊದಲ ಭಾರತೀಯ ಅವನೇ.

ಸಾಬು ಎಂದರೆ ಈಗಿನವರಿಗೆ ನೆನಪಾಗುವುದು ಚಾಚಾ ಚೌಧರಿಯ ಜೊತೆಗಿನ ಗುರುಗ್ರಹದ ದೈತ್ಯ. ನಮ್ಮ ಭಾಗದಲ್ಲಿ ಆ ಹೆಸರು ಕಿವಿಗೆ ಬಿದ್ದರೆ ಸಾಬಣ್ಣನೋ ಸೈಬಣ್ಣನೋ ಇರಬೇಕು ಅಂದುಕೊಳ್ಳುತ್ತಾರೆ. ಆದರೆ ನಾನು ಈ ಕಥೆಯ ಬೆನ್ನು ಹತ್ತಿದ್ದು ಅವನ ಹೆಸರಿನ ಎರಡನೇ ಭಾಗದಿಂದ. ಪುಸ್ತಕಗಳಲ್ಲಿ ಅವನು ‘ಸಾಬು ದಸ್ತಗೀರ್’. ಆಳಂದದಲ್ಲಿ ಲಾಡ್ಲೇ ಮಶಾಯಕರ ದರ್ಗಾದ ಓಣಿಯಲ್ಲಿ ನಿಂತು ‘ದಸ್ತಗೀರ’ ಎಂದು ಕೂಗಿದರೆ ನಾಲ್ಕು ಮಂದಿ ತಿರುಗಿ ನೋಡುತ್ತಾರೆ. ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲೂ ದಸ್ತಗೀರಸಾಬರಿಗೆ ಬರವಿಲ್ಲ. ಬಗ್ದಾದಿನ ಸೂಫಿ ಅಬ್ದುಲ್ ಖಾದಿರ್ ಜೀಲಾನಿಯವರನ್ನು ಭಕ್ತರು ಕರೆಯುವ ಹೆಸರದು. ‘ದಸ್ತ್’ ಅಂದರೆ ಕೈ, ‘ಗೀರ್’ ಅಂದರೆ ಹಿಡಿಯುವವನು. ಕಷ್ಟದಲ್ಲಿದ್ದವರ ಕೈ ಹಿಡಿಯುವವನು.

ಕೈ ಹಿಡಿದವನು ಬೇರೆ, ಹೆಸರು ಪಡೆದವನು ಬೇರೆ. ಸಾಬುವಿನ ಬಗ್ಗೆ ಸಂಶೋಧನೆ ಮಾಡಿದ ಫಿಲಿಪ್ ಲೀಬ್‌ಫ್ರೀಡ್ ಹೇಳುವ ಪ್ರಕಾರ ಹುಡುಗನ ಹೆಸರು ಸೇಲಾರ್ ಶೇಖ್ ಸಾಬು. ಶೇಖ್ ದಸ್ತಗೀರ್ ಎಂಬುದು ಅವನ ಅಣ್ಣನ ಹೆಸರು. ಅಣ್ಣನದು ತಮ್ಮನಿಗೆ ಅಂಟಿಕೊಂಡು, ಕೊನೆಗೆ ಕಾಗದಪತ್ರಗಳಲ್ಲೂ ಅದೇ ಉಳಿಯಿತು. ನಮ್ಮ ಶಾಲೆಗಳ ಹಾಜರಿ ಪುಸ್ತಕದಲ್ಲಿ ಮಾಸ್ತರರು ಬರೆದದ್ದೇ ಜನ್ಮದಿನವಾಗಿ ಉಳಿದವರಿಗೆ ಇದೇನೂ ಆಶ್ಚರ್ಯವಲ್ಲ.

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ಕಬಿನಿ ಹೊಳೆಯ ದಂಡೆ, ಕಾಕನಕೋಟೆಯ ಕಾಡಿನ ಅಂಚು. ಅಲ್ಲಿನ ಬದುಕು ತಿರುಗುತ್ತಿದ್ದದ್ದೇ ಆನೆಗಳ ಸುತ್ತ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಖೆಡ್ಡಾ ಶುರು ಮಾಡಿದ ಮೇಲೆ ಕಾಕನಕೋಟೆಯ ಹೆಸರು ದೇಶಾಂತರಕ್ಕೂ ಹೋಗಿತ್ತು. ತಮಟೆ, ಪಂಜು, ಕೂಗಾಟದಿಂದ ಕಾಡಾನೆಗಳ ಹಿಂಡನ್ನು ಹೊಳೆಗೆ ಇಳಿಸಿ, ಮರದ ದಿಮ್ಮಿಗಳ ದೊಡ್ಡಿಗೆ ನುಗ್ಗಿಸಿ, ಪಳಗಿದ ಆನೆಗಳ ನಡುವೆ ಸಿಕ್ಕಿಸಿ ಹಗ್ಗ ಬಿಗಿಯುವ ಕೆಲಸ. ಜಾಡು ಹಿಡಿಯಲು ಜೇನುಕುರುಬರು, ಆನೆಯ ಕತ್ತಿನ ಮೇಲೆ ಮಾವುತರು, ಹಿಂದೆ ಕಾವಾಡಿಗಳು. ನೋಡಲು ವೈಸರಾಯರಂಥ ಅತಿಥಿಗಳು. ಸಾಬುವಿನ ತಂದೆ ಇಂಥ ಮಾವುತರಲ್ಲೊಬ್ಬ. ತಾಯಿ ಬೇಗ ತೀರಿಕೊಂಡಳು, ತಂದೆಯೂ ಹುಡುಗ ದೊಡ್ಡವನಾಗುವ ಮೊದಲೇ ಹೋದ. ಉಳಿದದ್ದು ಅರಮನೆಯ ಆನೆ ಕರೋಹಟ್ಟಿಯ, ಅಂದರೆ ಆನೆಲಾಯದ, ಆಸರೆ ಮತ್ತು ಅಣ್ಣ.

1935ರಲ್ಲಿ ಕ್ಯಾಮೆರಾ ಹಿಡಿದು ಮೈಸೂರಿಗೆ ಬಂದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ. ಹಿಮದ ನಾಡಿನ ಬೇಟೆಗಾರನ ಮೇಲೆ 1922ರಲ್ಲಿ ‘ನಾನೂಕ್ ಆಫ್ ದಿ ನಾರ್ತ್’ ಮಾಡಿ ಸಾಕ್ಷ್ಯಚಿತ್ರಕ್ಕೆ ದಾರಿ ಹಾಕಿಕೊಟ್ಟವನು. ದುಡ್ಡು ಹಾಕಿದವನು ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ. ಕಥೆ ಕಿಪ್ಲಿಂಗನದು: ಆನೆಗಳ ಕುಣಿತವನ್ನು ಕಣ್ಣಾರೆ ಕಾಣುವ ಟೂಮಾಯ್ ಎಂಬ ಮಾವುತರ ಹುಡುಗನ ಕಥೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತ ಫ್ಲಾಹರ್ಟಿಯ ತಂಡಕ್ಕೆ ಚಿತ್ತರಂಜನ ಮಹಲನ್ನೇ ಬಿಟ್ಟುಕೊಟ್ಟಿತು. (ಅದೇ ಮಹಲು ಮುಂದೆ ಪ್ರೀಮಿಯರ್ ಸ್ಟುಡಿಯೋ ಆಯಿತು, ಈಗ ಗ್ರೀನ್ ಹೋಟೆಲ್. ಕನ್ನಡ ಸಿನಿಮಾ ಅಲ್ಲಿಗೆ ಬರುವ ಎಷ್ಟೋ ಮುಂಚೆ ಹೊರದೇಶದ ಸಿನಿಮಾ ಅಲ್ಲಿ ಠಿಕಾಣಿ ಹೂಡಿತ್ತು.)

ಟೂಮಾಯ್ ಆಗಬಲ್ಲ ಹುಡುಗನಿಗಾಗಿ ಹುಡುಕಾಟ ನಡೆಯಿತು. ಹಲವರನ್ನು ನೋಡಿ ಬಿಟ್ಟದ್ದಾಯಿತು. ಕೊನೆಗೆ ಛಾಯಾಗ್ರಾಹಕ ಓಸ್ಮಂಡ್ ಬೊರಡೇಲ್‌ನ ಕಣ್ಣಿಗೆ ಬಿದ್ದವನು ಸಾಬು. ಸುಮಾರು ಹನ್ನೊಂದರ ಪ್ರಾಯ, ಮೈತುಂಬ ಚಟುವಟಿಕೆ, ಮುಖತುಂಬ ನಗು. ಆನೆಯ ಸೊಂಡಿಲ ಮೇಲೆ ಕಾಲಿಟ್ಟು ಹತ್ತುವುದು ಅವನಿಗೆ ಮನೆಯ ಮೆಟ್ಟಿಲು ಹತ್ತಿದಂತೆ. ಜೊತೆಗಾರನಾಗಿ ಸಿಕ್ಕಿದ್ದು ಅರಮನೆಯ ಐರಾವತ. ಆ ಆನೆ ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತದ್ದು. ಅಂಬಾರಿ ಹೊತ್ತ ಇನ್ನೊಂದು ಆನೆ, ರಾಜೇಂದ್ರ, ಬಹಳ ವರ್ಷಗಳ ನಂತರ ಡಾ. ರಾಜ್‌ಕುಮಾರ್ ಜೊತೆ ‘ಗಂಧದ ಗುಡಿ’ಯಲ್ಲಿ ಬಂತು, ಅದು ನಮಗೆಲ್ಲ ನೆನಪಿದೆ. ಐರಾವತನ ಸಿನಿಮಾ ಮಾತ್ರ ಮರೆತುಹೋಯಿತು.

ಫ್ಲಾಹರ್ಟಿ ತಿಂಗಳುಗಟ್ಟಲೆ ಫಿಲ್ಮು ಸುತ್ತಿದ. ಅವನ ಪದ್ಧತಿಯೇ ಅದು: ಬರೆದ ಕಥೆಗಿಂತ ಕಣ್ಣಮುಂದಿನ ಬದುಕು ದೊಡ್ಡದು. ಲಂಡನ್ನಿನಲ್ಲಿ ಕೂತ ಕೋರ್ಡಾಗೆ ಲೆಕ್ಕದ ಪುಸ್ತಕ ದೊಡ್ಡದು. ಕಡೆಗೆ ತಮ್ಮ ಜೋಲ್ಟನ್ ಕೋರ್ಡಾನನ್ನು ನಿರ್ದೇಶನಕ್ಕೆ ಹಚ್ಚಿ, ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಸೆಟ್ ಹಾಕಿ, ಕಥೆಯ ಭಾಗವನ್ನು ಅಲ್ಲೇ ತೆಗೆಸಿದ. ಹಾಗಾಗಿ ‘ಎಲಿಫೆಂಟ್ ಬಾಯ್’ ಎಂಬ ಆ ಚಿತ್ರ ಅರ್ಧ ಕಬಿನಿಯ ನೀರು, ಅರ್ಧ ಇಂಗ್ಲೆಂಡಿನ ಪ್ಲೈವುಡ್ಡು. ನೋಡಿದರೆ ಬೆಸುಗೆ ಎದ್ದು ಕಾಣುತ್ತದೆ. ಆದರೂ 1937ರಲ್ಲಿ ಚಿತ್ರ ತೆರೆಕಂಡಾಗ ವೆನಿಸ್ ಚಿತ್ರೋತ್ಸವ ಅದರ ಇಬ್ಬರು ನಿರ್ದೇಶಕರಿಗೆ ಪ್ರಶಸ್ತಿ ಕೊಟ್ಟಿತು. ಜನ ಮಾತಾಡಿಕೊಂಡದ್ದು ನಿರ್ದೇಶಕರ ಬಗ್ಗೆ ಅಲ್ಲ, ಹುಡುಗನ ಬಗ್ಗೆ. ಕಿಪ್ಲಿಂಗ್ ಮಾತ್ರ ತನ್ನ ಟೂಮಾಯನನ್ನು ತೆರೆಯ ಮೇಲೆ ನೋಡಲಿಲ್ಲ. 1936ರ ಜನವರಿಯಲ್ಲೇ ತೀರಿಕೊಂಡಿದ್ದ.

ಡೆನ್‌ಹ್ಯಾಮಿಗೆ ಹೋದ ಸಾಬುವಿನ ಜೊತೆ ಹಡಗು ಹತ್ತಿದವನು ಅಣ್ಣ ದಸ್ತಗೀರ್. ಅಲ್ಲಿಂದ ಮುಂದೆ ತಮ್ಮನ ವ್ಯವಹಾರವೆಲ್ಲ ಅವನದೇ. ಕರೋಹಟ್ಟಿಯಿಂದ ಹೊರಟ ಇಬ್ಬರು ಅನಾಥರು ಲಂಡನ್ನಿನ ಚಳಿಯಲ್ಲಿ ಕೋಟು ತೊಟ್ಟು ನಿಂತ ಚಿತ್ರವನ್ನು ಕಣ್ಣಮುಂದೆ ತಂದುಕೊಂಡರೆ ನನಗೆ ಸಿನಿಮಾಕ್ಕಿಂತ ಅದೇ ದೊಡ್ಡ ಕಥೆ ಅನ್ನಿಸುತ್ತದೆ. ತಮ್ಮನನ್ನು ಶಾಲೆಗೆ ಹಾಕಿದರು, ಇಂಗ್ಲಿಷ್ ಕಲಿಸಿದರು. ದಕ್ಷಿಣ ಧ್ರುವದಿಂದ ಮರಳುವ ದಾರಿಯಲ್ಲಿ ಮಡಿದ ಕ್ಯಾಪ್ಟನ್ ಸ್ಕಾಟ್‌ನ ಹೆಂಡತಿಯಾಗಿದ್ದ ಶಿಲ್ಪಿ ಲೇಡಿ ಕೆನೆಟ್ ಅವನ ಪ್ರತಿಮೆ ಕಡೆದಳು. ಊರಿಗೆ ಊರೇ ಹುಡುಗನ ಮೇಲೆ ಮರುಳಾಯಿತು.

ಮರುಳಾದವರು ಕೊಟ್ಟ ಎರಡನೇ ಪಾತ್ರ ನೋಡಿ. 1938ರ ‘ದಿ ಡ್ರಮ್’: ವಾಯವ್ಯ ಗಡಿಯ ರಾಜಕುಮಾರ, ಬ್ರಿಟಿಷರ ಪರಮ ಮಿತ್ರ, ಅವರ ವಿರುದ್ಧದ ಸಂಚನ್ನು ನಗಾರಿ ಬಾರಿಸಿ ತಿಳಿಸುವವನು. ಬಣ್ಣದಲ್ಲಿ ತೆಗೆದ ಅದ್ದೂರಿ ಚಿತ್ರ. ಬೊಂಬಾಯಿ, ಮದರಾಸಿನಲ್ಲಿ ಅದರ ವಿರುದ್ಧ ಜನ ಬೀದಿಗಿಳಿದರು. ಸಾಮ್ರಾಜ್ಯದ ತುತ್ತೂರಿ ಎಂದರು. ತಪ್ಪೇನೂ ಇರಲಿಲ್ಲ. ಆದರೆ ಹದಿನಾಲ್ಕರ ಹುಡುಗನ ಮೇಲೆ ಆ ಹೊರೆ ಹೊರಿಸುವುದೂ ಕಷ್ಟ. ಅಮೆರಿಕದ ಕೌಬಾಯ್ ಚಿತ್ರದಲ್ಲಿ ಬಿಳಿಯರಿಗೆ ನೆರವಾಗುವ ಒಳ್ಳೆಯ ರೆಡ್ ಇಂಡಿಯನ್ ಒಬ್ಬ ಇರುತ್ತಾನಲ್ಲ, ಆ ಜಾಗದಲ್ಲಿ ನಮ್ಮ ಇಂಡಿಯನ್ ಕೂತಿದ್ದ, ಅಷ್ಟೆ.

ಆಮೇಲೆ ಬಂದದ್ದು ಅವನ ಅತಿ ದೊಡ್ಡ ಚಿತ್ರ, ‘ದಿ ಥೀಫ್ ಆಫ್ ಬಗ್ದಾದ್’. ಅದೇ ಹೆಸರಿನ ಮೂಕಿ ಚಿತ್ರದಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಕುಣಿದು ಕುಪ್ಪಳಿಸಿದ್ದು 1924ರಲ್ಲಿ, ಸಾಬು ಹುಟ್ಟಿದ ವರ್ಷ. ಹೊಸ ಚಿತ್ರದ ಕೆಲಸ ಇಂಗ್ಲೆಂಡಿನಲ್ಲಿ ಶುರುವಾಗುತ್ತಲೇ ಎರಡನೇ ಮಹಾಯುದ್ಧ ಬಂತು. ಕೋರ್ಡಾ ಎಲ್ಲವನ್ನೂ ಅಮೆರಿಕಕ್ಕೆ ಎತ್ತಿಕೊಂಡು ಹೋದ. 1940ರಲ್ಲಿ ಬಿಡುಗಡೆಯಾದ ಚಿತ್ರ ಛಾಯಾಗ್ರಹಣ, ಕಲೆ, ವಿಶೇಷ ತಂತ್ರ, ಹೀಗೆ ಮೂರು ಆಸ್ಕರ್ ಗೆದ್ದಿತು. ಅದರಲ್ಲಿ ಜಾನ್ ಜಸ್ಟಿನ್ ರಾಜ, ಜೂನ್ ಡುಪ್ರೇ ರಾಜಕುಮಾರಿ. ಕಥೆ ನಡೆಸುವವನು ಮಾತ್ರ ಕಳ್ಳ ಅಬು, ಅಂದರೆ ಸಾಬು. ಭೂತವನ್ನು ಮಾತಿನಲ್ಲೇ ಮರಳಿ ಬಾಟಲಿಗೆ ಇಳಿಸುವ ದೃಶ್ಯದಲ್ಲಿ ಅವನ ಕಣ್ಣು ನೋಡಬೇಕು. ದಸ್ತಗೀರ್ ಪೀರರ ಊರು ಬಗ್ದಾದು. ಆ ಊರಿನ ಹೆಸರಿನ ಚಿತ್ರದಿಂದಲೇ ಆ ಹೆಸರು ಹೊತ್ತ ಹುಡುಗ ಜಗತ್ತು ಗೆದ್ದದ್ದು ಕಾಕತಾಳೀಯವಿರಬಹುದು. ಆಳಂದದಲ್ಲಿ ಹೇಳಿದರೆ ಯಾರೂ ಕಾಕತಾಳೀಯ ಅಂತ ಒಪ್ಪುವುದಿಲ್ಲ.

1942ರಲ್ಲಿ ‘ಜಂಗಲ್ ಬುಕ್’. ಮೌಗ್ಲಿಯಾಗಿ ಸಾಬು. ಕಾಡು ಕ್ಯಾಲಿಫೋರ್ನಿಯಾದ್ದು, ಹೆಬ್ಬಾವು ರಬ್ಬರಿನದು, ಹುಡುಗ ಮಾತ್ರ ನಿಜವಾದ ಕಾಡಂಚಿನವನು. ಮಿಕ್ಲೋಶ್ ರೋಜಾನ ಸಂಗೀತದ ಜೊತೆ ಸಾಬುವಿನ ಧ್ವನಿಯಲ್ಲಿ ಕಥೆ ಹೇಳಿಸಿ ಗ್ರಾಮೋಫೋನ್ ತಟ್ಟೆ ತಂದರು. ಅಮೆರಿಕದ ಚಿತ್ರವೊಂದರ ಹಿನ್ನೆಲೆ ಸಂಗೀತ ಹೀಗೆ ಮಾರುಕಟ್ಟೆಗೆ ಬಂದದ್ದು ಅದೇ ಮೊದಲು ಎನ್ನುತ್ತಾರೆ. ಆಮೇಲೆ ಯೂನಿವರ್ಸಲ್ ಕಂಪನಿ ಸೇರಿ ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’. ಮರಿಯಾ ಮೊಂಟೆಜ್ ಸುಂದರಿ, ಜಾನ್ ಹಾಲ್ ವೀರ, ಸಾಬು ನಗಿಸುವ ಗೆಳೆಯ. ಈ ಮೂರರ ಬಗ್ಗೆ ಹೆಚ್ಚು ಹೇಳಲು ಏನಿಲ್ಲ.

ಹೇಳಬೇಕಾದದ್ದು ಯುದ್ಧದ ಮಾತು. ಭಾರತೀಯರು ಅಮೆರಿಕದ ಪೌರರಾಗಲು ಅರ್ಹರಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಹೇಳಿಬಿಟ್ಟಿತ್ತು. ಆ ಬಾಗಿಲು ತೆರೆದದ್ದು 1946ರ ಕಾಯ್ದೆಯಿಂದ. ಯುದ್ಧಕಾಲದಲ್ಲಿ ಸೇನೆ ಸೇರಿದ ಪರದೇಶಿಗಳಿಗೆ ಮಾತ್ರ ವಿನಾಯಿತಿಯಿತ್ತು. ಸಾಬು ಅಮೆರಿಕದ ವಾಯುಪಡೆ ಸೇರಿದ, 1944ರ ಜನವರಿಯಲ್ಲಿ ಪೌರತ್ವ ಪಡೆದ. ಸ್ಟುಡಿಯೋದಲ್ಲಿ ಕೂತು ಪ್ರಚಾರ ಮಾಡುವ ಕೆಲಸವಲ್ಲ ಅವನದು. ಬಿ-24 ಲಿಬರೇಟರ್ ಬಾಂಬರಿನಲ್ಲಿ ಗನ್ನರ್. ಪೆಸಿಫಿಕ್ ಸಾಗರದ ಮೇಲೆ ಹತ್ತಾರು ಬಾರಿ ಯುದ್ಧಕ್ಕೆ ಹಾರಿ, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಗಳಿಸಿದ. ಪರದೆಯ ಮೇಲೆ ಗುಂಡು ಹಾರಿಸಿದ ಎಷ್ಟೋ ಕೌಬಾಯ್‌ಗಳು ನಿಜದಲ್ಲಿ ಒಂದು ಗುಂಡಿನ ಎದುರೂ ನಿಂತವರಲ್ಲ. ಪರದೆಯ ಮೇಲೆ ಬರಿಮೈಯ ಹುಡುಗನಾಗಿದ್ದವನು ನಿಂತ.

ಮರಳಿ ಬಂದಾಗ ಇಪ್ಪತ್ತೊಂದು ದಾಟಿತ್ತು. ಹಾಲಿವುಡ್‌ಗೆ ಬೇಕಾಗಿದ್ದದ್ದು ಹನ್ನೊಂದರ ಹುಡುಗ. ನಿಜವಾದ ತೊಡಕು ಅಲ್ಲಿದೆ. ಬಿಳಿಯ ಬಾಲನಟ ಬೆಳೆದರೆ ಪ್ರಣಯದ ನಾಯಕನಾಗುತ್ತಿದ್ದ. ಬೆಳೆದ ಸಾಬುವಿಗೆ ಬಿಳಿಯ ನಾಯಕಿಯ ಕೈ ಹಿಡಿಸುವ ಧೈರ್ಯ ಯಾವ ಸ್ಟುಡಿಯೋಗೂ ಇರಲಿಲ್ಲ. ಒಂದೇ ಒಂದು ಒಳ್ಳೆಯ ಪಾತ್ರ ಇಂಗ್ಲೆಂಡಿನಿಂದ ಬಂತು: 1947ರ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಅತ್ತರು ಪೂಸಿಕೊಂಡು ಸನ್ಯಾಸಿನಿಯರ ಶಾಲೆಗೆ ಓದಲು ಬರುವ ಯುವ ರಾಜಕುಮಾರ. ಹಿಮಾಲಯವನ್ನು ಪೂರ್ತಿ ಇಂಗ್ಲೆಂಡಿನಲ್ಲೇ ಗಾಜಿನ ಮೇಲೆ ಬಣ್ಣ ಬಳಿದು ಸೃಷ್ಟಿಸಿದ ಆ ಚಿತ್ರದಲ್ಲಿ ಭಾರತದಿಂದ ಬಂದದ್ದು ಅಂತ ಎದ್ದು ಕಾಣುವುದು ಸಾಬುವೊಬ್ಬನೇ. ಮರುವರ್ಷ ‘ಮ್ಯಾನ್-ಈಟರ್ ಆಫ್ ಕುಮಾಯೂನ್’. ಜಿಮ್ ಕಾರ್ಬೆಟ್‌ರ ಪುಸ್ತಕದ ಹೆಸರಷ್ಟೇ ಅದರಲ್ಲಿದ್ದದ್ದು. ಹುಲಿಯ ನಟನೆ ಚೆನ್ನಾಗಿತ್ತು ಎಂದರಂತೆ ಕಾರ್ಬೆಟ್.

ಅದೇ 1948ರ ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ಪೊಲೀಸ್ ಆಕ್ಷನ್ ನಡೆದು ಆಳಂದ, ಅಫಜಲಪುರ, ಜೇವರ್ಗಿಗಳು ನಿಜಾಮನ ಆಳ್ವಿಕೆಯಿಂದ ಹೊರಬಂದವು. ಮರುತಿಂಗಳು, ಅಕ್ಟೋಬರ್ 19ಕ್ಕೆ, ಸಾಬು ನಟಿ ಮೆರಿಲಿನ್ ಕೂಪರಳನ್ನು ಮದುವೆಯಾದ. ಎರಡಕ್ಕೂ ಏನೂ ಸಂಬಂಧವಿಲ್ಲ. ಆದರೆ ಇಲ್ಲಿ ಕೂತು ಅವನ ಕಥೆ ಬರೆಯುವವನಿಗೆ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಚಟ. ಇಬ್ಬರು ಮಕ್ಕಳಾದರು, ಪಾಲ್ ಮತ್ತು ಜಾಸ್ಮಿನ್. ಮಗ ಸಂಗೀತಗಾರನಾದ, ಮಗಳು ಪ್ರಾಣಿಗಳನ್ನು ಪಳಗಿಸುವವಳಾದಳು, ಅಜ್ಜನ ಕಸುಬು ಒಂದು ತಲೆ ದಾಟಿ ಬಂತು.

ಪಾತ್ರಗಳು ಕಡಿಮೆಯಾದಾಗ ಟಾಮ್ ಮಿಕ್ಸ್ ಕುದುರೆ ಕಟ್ಟಿಕೊಂಡು ಸರ್ಕಸ್ ನಡೆಸಿದ್ದ. ಸಾಬುವೂ ಐವತ್ತರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳ ಆಟ ಆಡಿಸಿದ. ಇಟಲಿಯಲ್ಲಿ ವಿಟ್ಟೋರಿಯೊ ಡಿ ಸಿಕಾ ಜೊತೆ ಒಂದು ಚಿತ್ರ ಮಾಡಿದ. ಬಡ ಮಾಸ್ತರನಿಗೆ ಆನೆಯನ್ನು ಉಡುಗೊರೆ ಕೊಡುವ ಭಾರತದ ರಾಜಕುಮಾರ. ಎಲ್ಲಿ ಹೋದರೂ ಆನೆ ಬಿಡಲಿಲ್ಲ.

ಆಗ ಊರಿನ ಕಡೆಯಿಂದ ಒಂದು ಕರೆ ಬಂತು. ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ ಚಿತ್ರದ ಬಿರ್ಜು ಪಾತ್ರಕ್ಕೆ ಸಾಬುವನ್ನು ಆರಿಸಿದರು. ಬಂದೂಕು ಹಿಡಿದು ಕುದುರೆ ಏರುವ, ಸಾಹುಕಾರನ ಲೆಕ್ಕದ ಪುಸ್ತಕ ಸುಡುವ ಮಗ. ನಮ್ಮ ಸಿನಿಮಾಕ್ಕೆ ಕೌಬಾಯ್ ಅಂತ ಯಾರಾದರೂ ಇದ್ದರೆ ಅದು ಬಿರ್ಜುವೇ. ಹುಡುಗನೂ ಅಲ್ಲದ, ಆಳೂ ಅಲ್ಲದ, ತುಂಬು ಗಂಡಸಿನ ಪಾತ್ರ. ಹಾಲಿವುಡ್ ಎಂದೂ ಕೊಡದೆ ಇದ್ದದ್ದು. ಆದರೆ ಅಮೆರಿಕದ ಪೌರನಿಗೆ ಭಾರತದಲ್ಲಿ ಕೆಲಸ ಮಾಡುವ ಪರವಾನಗಿ ಸಿಗಲಿಲ್ಲ. ಪಾತ್ರ ಸುನಿಲ್ ದತ್ ಪಾಲಾಯಿತು. 1957ರಲ್ಲಿ ಚಿತ್ರ ಬಂದು ದೇಶವನ್ನೇ ಆವರಿಸಿದಾಗ ಸಾಬುವಿನ ಹೆಸರಿನಲ್ಲಿ ತೆರೆಕಂಡದ್ದು ‘ಸಾಬು ಅಂಡ್ ದಿ ಮ್ಯಾಜಿಕ್ ರಿಂಗ್’. ಮೂವತ್ತಮೂರು ವರ್ಷದವನ ಕೈಗೆ ಮತ್ತೆ ಮಾಯಾ ಉಂಗುರ, ಮತ್ತೆ ಜಿನ್ನು.

ಇನ್ನೊಂದು ಲೆಕ್ಕವೂ ಇಲ್ಲೇ ಇದೆ. 1956ರ ನವೆಂಬರ್ 1ರಂದು ಹೈದರಾಬಾದಿನ ಕನ್ನಡ ಜಿಲ್ಲೆಗಳೂ ಹಳೆಯ ಮೈಸೂರೂ ಒಂದಾದವು. ಅಲ್ಲಿಯವರೆಗೆ ಆಳಂದದವನಿಗೆ ಕಾರಾಪುರ ಬೇರೆ ರಾಜ್ಯ. ಆಳಂದದ ಅಮರ್ಜಾ ಗಾಣಗಾಪುರದಲ್ಲಿ ಭೀಮೆಗೆ ಸೇರುವುದು, ಭೀಮೆ ಜೇವರ್ಗಿಯ ಸೀಮೆ ಸವರಿಕೊಂಡು ಕೃಷ್ಣೆಗೆ ಹೋಗುವುದು ಯಾರ ಅಪ್ಪಣೆಯೂ ಇಲ್ಲದೆ ನಡೆದಿತ್ತು. ಮನುಷ್ಯರಿಗೆ ಮಾತ್ರ ಕಾಗದ ಬೇಕಿತ್ತು. ಕಬಿನಿಯ ಹುಡುಗ ನಮ್ಮ ರಾಜ್ಯದವನಾದ ಆ ಕಾಲದಲ್ಲೇ, ಕಾಗದವಿಲ್ಲದೆ ಅವನು ತನ್ನ ದೇಶದ ಚಿತ್ರದಿಂದ ಹೊರಗೆ ಬಿದ್ದಿದ್ದ.

ಸಿನಿಮಾ ನೆಚ್ಚಿಕೊಂಡು ಆಗುವುದಿಲ್ಲವೆಂದು ಅಣ್ಣತಮ್ಮಂದಿರು ಕ್ಯಾಲಿಫೋರ್ನಿಯಾದಲ್ಲಿ ಪೀಠೋಪಕರಣದ ಅಂಗಡಿ ಇಟ್ಟಿದ್ದರು. ನೋಡಿಕೊಳ್ಳುತ್ತಿದ್ದವನು ದಸ್ತಗೀರ್. 1960ರಲ್ಲಿ ಆ ಅಂಗಡಿಗೆ ದರೋಡೆಕೋರ ನುಗ್ಗಿದ. ಗುಂಡೇಟಿಗೆ ದಸ್ತಗೀರ್ ಸತ್ತ. ಪರದೆಯ ಮೇಲೆ ಕೌಬಾಯ್ ಬಂದು ಕಾಪಾಡುವ ದೃಶ್ಯ ಇದು. ಅಂಗಡಿಯಲ್ಲಿ ಯಾರೂ ಬರಲಿಲ್ಲ.

ಅಣ್ಣನಿಲ್ಲದೆ ಸಾಬು ಹೆಚ್ಚು ಕಾಲ ಬಾಳಲಿಲ್ಲ. ಡಿಸ್ನಿಯವರ ‘ಎ ಟೈಗರ್ ವಾಕ್ಸ್’ನಲ್ಲಿ ಹುಲಿ ಪಳಗಿಸುವವನ ಸಣ್ಣ ಪಾತ್ರ ಮಾಡಿದ್ದೇ ಕೊನೆ, ಅದು ತೆರೆಗೆ ಬರುವ ಮುನ್ನವೇ, 1963ರ ಡಿಸೆಂಬರ್ 2ರಂದು, ಲಾಸ್ ಏಂಜಲಿಸ್ ಬಳಿಯ ಚಾಟ್ಸ್‌ವರ್ತ್‌ನ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡ. ಮೂವತ್ತೊಂಬತ್ತು ವರ್ಷ. ಎಂಟು ವರ್ಷದ ಮೇಲೆ, 1971ರಲ್ಲಿ, ಕಾಕನಕೋಟೆಯ ಕೊನೆಯ ಖೆಡ್ಡಾ ನಡೆಯಿತು. ಅದಾದ ಮೇಲೆ ಕಬಿನಿಗೆ ಅಣೆಕಟ್ಟು ಬಂದು, ಫ್ಲಾಹರ್ಟಿ ಕ್ಯಾಮೆರಾ ಹಿಡಿದು ತಿರುಗಿದ ಸೀಮೆಯ ಕಾಡು ಬಹಳಷ್ಟು ನೀರಿನಡಿ ಸೇರಿತು. 1978ರಲ್ಲಿ ಜಾನ್ ಪ್ರೈನ್ ಎಂಬ ಅಮೆರಿಕದ ಹಾಡುಗಾರ, ಚಳಿಯ ಊರುಗಳಲ್ಲಿ ಸಿನಿಮಾ ಪ್ರಚಾರಕ್ಕೆ ಒಂಟಿಯಾಗಿ ಅಲೆಯುವ ಸಾಬುವಿನ ಮೇಲೆ ಒಂದು ಹಾಡು ಕಟ್ಟಿದ. ಕನ್ನಡದಲ್ಲಿ ಅವನ ಮೇಲೆ ಒಂದು ಲಾವಣಿ ಹುಟ್ಟಬೇಕಿತ್ತು.

ಹಾಲಿವುಡ್ ಬುಲವಾರ್ಡಿನ ಕಾಲುದಾರಿಯಲ್ಲಿ, 6251ನೇ ನಂಬರಿನ ಎದುರು, ಅವನ ಹೆಸರಿನ ನಕ್ಷತ್ರವಿದೆ. ಅದು ಸಿಕ್ಕಿದ್ದು 1960ರಲ್ಲಿ, ಅಣ್ಣ ಸತ್ತ ವರ್ಷ. ಹಿತ್ತಾಳೆಯಲ್ಲಿ ಕೂಡಿಸಿದ ಅಕ್ಷರಗಳು ಸಾಬು ಎಂಬುದಷ್ಟೇ. ದಸ್ತಗೀರ್ ಅಲ್ಲಿಲ್ಲ.